ಮಗ್ಗದ ಊರಿನಲ್ಲಿ ವಾಲ್ವ್ ರೇಡಿಯೋ

ರೇಡಿಯೋ ಗರಗರ ಅಂದರೆ ಅದರ ಪಕ್ಕೆಗೆ ಒಂದು ಏಟು ಹಾಕುವುದು ನಮ್ಮ ಕಡೆಯ ಹಳೆಯ ಮದ್ದು. ಬಹಳಷ್ಟು ಸಲ ಅದು ಫಲಿಸುತ್ತಲೂ ಇತ್ತು. ಧಾರವಾಡ ಆಕಾಶವಾಣಿಯ ವಾರ್ತೆ ನಡುವೆ ಕಡಿದುಹೋದರೆ ಮನೆಯ ಹಿರಿಯರು ಎದ್ದು ಬಂದು ಮರದ ಪೆಟ್ಟಿಗೆಯನ್ನು ಅಂಗೈಯಿಂದ ತಟ್ಟುತ್ತಿದ್ದರು, ಮಾತು ಮತ್ತೆ ತಿಳಿಯಾಗುತ್ತಿತ್ತು. ಇದರಲ್ಲಿ ಮಾಟವೇನಿಲ್ಲ. ರೇಡಿಯೋದೊಳಗಿನ ಗಾಜಿನ ವಾಲ್ವಿನ ಕಾಲುಗಳು ಕೂರುವ ಸಾಕೆಟ್ಟಿಗೆ ವರ್ಷ ಕಳೆದಂತೆ ಕಿಲುಬು ಹಿಡಿಯುತ್ತದೆ. ಏಟು ಬಿದ್ದಾಗ ಕಾಲು ಒಂದಿಷ್ಟು ಸರಿದು, ಕಿಲುಬು ಕೆರೆದುಹೋಗಿ, ಲೋಹಕ್ಕೆ ಲೋಹ ತಾಗುತ್ತದೆ. ಬೆಸುಗೆ ಬಿಟ್ಟುಕೊಂಡ ಕಡೆಯೂ ಹೀಗೆಯೇ.

ಇನ್ನು ಕೆಲವು ರೇಡಿಯೋಗಳ ಕಥೆ ಬೇರೆ. ಅವುಗಳಿಗೆ ಏಟು ಹಾಕಿದರೆ ಸ್ಪೀಕರಿನೊಳಗಿಂದ ‘ಟಿಂಗ್’ ಎಂಬ ಸದ್ದು ಬರುತ್ತಿತ್ತು. ದನಿ ಜೋರಾಗಿ ಇಟ್ಟಿದ್ದರೆ ಆ ಸದ್ದು ಅಡಗುವ ಬದಲು ಬೆಳೆದು ಬೆಳೆದು ‘ಕುಂಯ್’ ಎಂಬ ಕೂಗಾಗುತ್ತಿತ್ತು. ಯಾರಾದರೂ ಓಡಿಬಂದು ದನಿ ತಗ್ಗಿಸುವವರೆಗೆ ನಿಲ್ಲುತ್ತಿರಲಿಲ್ಲ. ಈ ಎರಡನೆಯ ಜಾತಿಯ ರೇಡಿಯೋಗಳೇ ನನ್ನನ್ನು ಹಿಡಿದುಕೊಂಡವು. ಇವತ್ತಿಗೂ ಬಿಟ್ಟಿಲ್ಲ.

ನಮ್ಮದು ಭಾಗ್ಯನಗರ. ರೈಲು ಹಳಿಯ ಆ ಕಡೆ ಕೊಪ್ಪಳ, ಈ ಕಡೆ ನಾವು. ನೇಕಾರರ ಊರು. ಸೀರೆ ಮಗ್ಗಗಳು, ಜೊತೆಗೆ ತಲೆಗೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಳಿಸುವ ಉದ್ಯಮ. ಓಣಿಯಲ್ಲಿ ನಡೆದರೆ ಒಂದಲ್ಲ ಒಂದು ಮನೆಯಲ್ಲಿ ಲಾಳಿ ಓಡುವ ಸದ್ದು ಕೇಳುತ್ತದೆ. ಹಳಿಯ ಮೇಲೆ ಹೊಸಪೇಟೆ ಕಡೆಯಿಂದ ಗದಗು, ಹುಬ್ಬಳ್ಳಿ ದಾಟಿ ಗೋವೆಯ ಬಂದರಿನ ಕಡೆಗೆ ಗೂಡ್ಸು ಗಾಡಿಗಳು ಹೋಗುತ್ತವೆ. ಮೊದಲು ಮೀಟರ್ ಗೇಜ್ ಇದ್ದ ಈ ಹಾದಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದಮೇಲೆ ಗಾಡಿಗಳ ಉದ್ದವೂ ಹೆಚ್ಚಿತು, ಭಾರವೂ ಹೆಚ್ಚಿತು. ನೆಲವೆಂದರೆ ಬಂಡೆ. ಅಶೋಕನ ಶಾಸನ ಹೊತ್ತ ಗವಿಮಠ, ಪಾಲ್ಕಿಗುಂಡುಗಳ ಕಲ್ಲುಗುಡ್ಡಗಳು ಊರಿನಿಂದಲೇ ಕಾಣುತ್ತವೆ. ತೆಳುವಾದ ಮಣ್ಣಿನಡಿ ಇಂಥ ಕಲ್ಲಿರುವ ಊರಿನಲ್ಲಿ ನಡುಕ ಸುಲಭಕ್ಕೆ ಸಾಯುವುದಿಲ್ಲ. ಸೂಕ್ಷ್ಮವಾದ ಕೇಳುವ ಯಂತ್ರವೊಂದನ್ನು ಇಡಲು ಇದಕ್ಕಿಂತ ಕಷ್ಟದ ಜಾಗ ಹುಡುಕಬೇಕಾದೀತು. ಆದರೂ ಇಲ್ಲಿ ರೇಡಿಯೋ ಇಲ್ಲದ ಮಗ್ಗದ ಮನೆ ಇರಲಿಲ್ಲ. ಕೈಕಾಲು ಎರಡೂ ಕೆಲಸದಲ್ಲಿರುವ ನೇಕಾರನಿಗೆ ಬಿಡುವಿರುವುದು ಕಿವಿಯೊಂದಕ್ಕೇ.

ವಾಲ್ವಿನೊಳಗೆ ಏನಾಗುತ್ತದೆ ಎಂಬುದನ್ನು ನನಗೆ ಮೊದಲು ತೋರಿಸಿದವರು ನಮ್ಮ ಕಾಕಾ. ಜಾತ್ರೆ, ಮದುವೆ, ನಾಟಕಗಳಿಗೆ ಮೈಕ್ ಸೆಟ್ಟು ಹಚ್ಚುವುದು ಅವರ ಕೆಲಸವಾಗಿತ್ತು. ಕೆಟ್ಟುಹೋದ ವಾಲ್ವೊಂದನ್ನು ಗೋಣಿಚೀಲದಲ್ಲಿ ಸುತ್ತಿ ಒಡೆದು, ಒಳಗಿನದನ್ನು ಕಾಗದದ ಮೇಲೆ ಹರವಿದರು. ನಡುವೆ ಬಿಳಿ ಪುಡಿ ಬಳಿದ ಸಣ್ಣ ಕೊಳವೆ, ಅದು ಕ್ಯಾಥೋಡು. ಅದರ ಸುತ್ತ ಎರಡು ಕಂಬಗಳಿಗೆ ಸುತ್ತಿದ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾದ ತಂತಿ, ಅದು ಗ್ರಿಡ್ಡು. ಹೊರಗೆ ತಗಡಿನ ಗೂಡಿನಂಥ ಪ್ಲೇಟು. ಕ್ಯಾಥೋಡು ಕಾದಾಗ ಎಲೆಕ್ಟ್ರಾನುಗಳು ಹೊರಟು ಪ್ಲೇಟಿನತ್ತ ಹರಿಯುತ್ತವೆ. ಎಷ್ಟು ಹರಿಯಬೇಕು ಎಂಬುದನ್ನು ಗ್ರಿಡ್ಡಿನ ಮೇಲಿನ ವೋಲ್ಟೇಜು ನಿರ್ಧರಿಸುತ್ತದೆ. ಗ್ರಿಡ್ಡಿಗೂ ಕ್ಯಾಥೋಡಿಗೂ ನಡುವೆ ಇರುವುದು ಮಿಲಿಮೀಟರಿನ ಒಂದು ಚೂರು ಅಂತರ. ಆ ಅಂತರ ಬದಲಾದರೂ ಹರಿವು ಬದಲಾಗುತ್ತದೆ. ಎಂದರೆ, ಗ್ರಿಡ್ಡಿಗೆ ವೋಲ್ಟೇಜು ಬರದಿದ್ದರೂ ಗ್ರಿಡ್ಡೇ ನಡುಗಿದರೆ ಸಾಕು, ಹರಿವಿನಲ್ಲಿ ಏರಿಳಿತ ಹುಟ್ಟುತ್ತದೆ. ಮುಂದಿನ ವಾಲ್ವಿಗೆ ಅದು ಹಾಡೋ ನಡುಕವೋ ತಿಳಿಯುವುದಿಲ್ಲ. ಬಂದದ್ದನ್ನು ದೊಡ್ಡದು ಮಾಡಿ ಮುಂದಕ್ಕೆ ಕಳಿಸುತ್ತದೆ. ಗಾಜಿನ ವಾಲ್ವು ತಾನೇ ಒಂದು ಮೈಕು ಆಗಿಬಿಡುತ್ತದೆ. ಎಂಜಿನಿಯರುಗಳು ಈ ಗುಣವನ್ನು ಮೈಕ್ರೋಫೋನಿ ಅನ್ನುತ್ತಾರೆ.

ಎಲ್ಲ ವಾಲ್ವುಗಳಿಗೂ ಈ ಗುಣ ಒಂದೇ ಸಮ ಇರುವುದಿಲ್ಲ. ಕರೆಂಟು ಬರದ ಹಳ್ಳಿಗಳಲ್ಲಿ ಬ್ಯಾಟರಿ ರೇಡಿಯೋ ಇದ್ದ ಕಾಲದ ಡಿಕೆ96, ಡಿಎಫ್96, ಡಿಎಎಫ್96 ಎಂಬ ವಾಲ್ವುಗಳು ನನ್ನ ಬಳಿ ಇವೆ. ಇವುಗಳಲ್ಲಿ ಬೇರೆ ಕ್ಯಾಥೋಡು ಇಲ್ಲ, ಕಾಯುವ ತಂತಿಯಾದ ಫಿಲಮೆಂಟೇ ಕ್ಯಾಥೋಡು. ಬ್ಯಾಟರಿ ಉಳಿಸಬೇಕೆಂದು ಅದನ್ನು ಬರೇ 25 ಮಿಲಿಆಂಪಿಯರಿನಲ್ಲಿ ಕಾಯುವಷ್ಟು ತೆಳ್ಳಗೆ ಎಳೆದಿದ್ದಾರೆ. ನಮ್ಮೂರಲ್ಲಿ ಹೆಂಗಸರು ದಿನವಿಡೀ ಬಿಡಿಸುವ ಕೂದಲೆಳೆಗಿಂತಲೂ ಅದು ತೆಳು. ಜೋತುಬೀಳದಂತೆ ಮೇಲೆ ಒಂದು ಪುಟ್ಟ ಸ್ಪ್ರಿಂಗು ಅದನ್ನು ಎಳೆದು ಹಿಡಿದಿರುತ್ತದೆ. ಬಿಗಿದು ಕಟ್ಟಿದ ತಂತಿ ಎಂದಮೇಲೆ ಅದಕ್ಕೊಂದು ಶ್ರುತಿ ಇದ್ದೇ ಇರುತ್ತದೆ. ಪೆಟ್ಟಿಗೆ ತಟ್ಟಿದರೆ ಆ ಶ್ರುತಿಯೇ ಸ್ಪೀಕರಿನಲ್ಲಿ ಕೇಳುತ್ತದೆ. ಆ ರೇಡಿಯೋಗಳ ‘ಟಿಂಗ್’ ಹುಟ್ಟುವುದು ಅಲ್ಲಿ.

ಒಡೆದ ವಾಲ್ವಿನಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಗ್ರಿಡ್ಡಲ್ಲ, ಮೇಲೂ ಕೆಳಗೂ ಇದ್ದ ಎರಡು ಹೊಳೆಯುವ ಬಿಲ್ಲೆಗಳು. ಕಾಗೆಬಂಗಾರ. ಕಂಬ, ಕೊಳವೆ, ತಗಡು ಎಲ್ಲವೂ ಆ ಬಿಲ್ಲೆಯ ತೂತುಗಳಲ್ಲಿ ಸಿಕ್ಕಿ ನಿಲ್ಲುತ್ತವೆ. ಕೆಂಪಗೆ ಕಾದ ಲೋಹ ತಾಗಿದರೂ ಅದು ಸುಡುವುದಿಲ್ಲ, ಕರೆಂಟನ್ನೂ ಹರಿಸುವುದಿಲ್ಲ. ಬಿಹಾರದ (ಈಗ ಜಾರ್ಖಂಡಿನ) ಕೋಡರ್ಮಾ, ಆಂಧ್ರದ ನೆಲ್ಲೂರಿನ ಗಣಿಗಳ ಕಾಗೆಬಂಗಾರ ಜಗತ್ತಿನ ವಾಲ್ವು ಕಾರ್ಖಾನೆಗಳಿಗೆ ಹೋಗುತ್ತಿತ್ತು. ಬಿಲ್ಲೆಯ ತೂತು ಬಿಗಿಯಾಗಿದ್ದರೆ ವಾಲ್ವು ಮೌನಿ. ವರ್ಷಗಟ್ಟಲೆ ಕಾದು ತಣಿದು, ಕಾದು ತಣಿದು ತೂತು ಸವೆದರೆ ಒಳಗಿನ ಕಂಬಗಳು ಅಲುಗಲಾರಂಭಿಸುತ್ತವೆ. ಹೊಸದರಲ್ಲಿ ಸುಮ್ಮನಿದ್ದ ವಾಲ್ವು ಮುದಿಯಾದಮೇಲೆ ಕೂಗುವುದು ಇದಕ್ಕೇ.

ಇದೇ ಕಾಗೆಬಂಗಾರವನ್ನು ಹಳೆಯ ಗ್ರಾಮಫೋನಿನಲ್ಲಿ ಬಳಸಿದ್ದು ನೇರ ತಿರುವುಮುರುವು ಕೆಲಸಕ್ಕೆ. ಸೂಜಿಯ ನಡುಕವನ್ನು ಗಾಳಿಗೆ ದಾಟಿಸಲು ಮುಳ್ಳಿನ ಮೇಲಿನ ದುಂಡು ಡಬ್ಬಿಯಲ್ಲಿ ಕಾಗೆಬಂಗಾರದ ಪೊರೆ ಕೂರಿಸುತ್ತಿದ್ದರು. ಅಲ್ಲಿ ಅದು ನಡುಗಲೆಂದೇ ಇತ್ತು. ಈ ಹಳಿಯ ಮೇಲೆಯೇ ಪಶ್ಚಿಮಕ್ಕೆ ಇರುವ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಮನಸೋತು, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಕರೆಂಟಿನ ಹಂಗಿಲ್ಲದೆ ಬರೀ ಒಂದು ಪೊರೆಯ ಅಲುಗಾಟ ಇಷ್ಟು ದೂರ ಒಬ್ಬನನ್ನು ಒಯ್ಯಬಲ್ಲದು ಎಂಬುದನ್ನು ನೆನೆದಾಗಲೆಲ್ಲ, ಕಂಪನವನ್ನು ಶತ್ರುವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನಮಗೆ ಬೇಕಾದ ಸಂಗೀತವೂ ಕಂಪನವೇ. ಬೇಡದ ನಡುಕ ಯಾವ ಬಾಗಿಲಿನಿಂದ ಒಳಗೆ ಬಂತು ಎಂದು ಪತ್ತೆಹಚ್ಚುವುದಷ್ಟೇ ನಮ್ಮ ಕೆಲಸ.

ಬಾಗಿಲುಗಳು ಹಲವು. ಶಾರ್ಟ್‌ವೇವ್ ಕೇಳುವಾಗ ರೇಡಿಯೋ ಕೂಗಿದರೆ ಜನ ವಾಲ್ವನ್ನು ದೂರುತ್ತಾರೆ, ಆದರೆ ಅನೇಕ ಸಲ ತಪ್ಪು ಗ್ಯಾಂಗ್ ಕಂಡೆನ್ಸರಿನದು. ಸ್ಟೇಷನ್ ಹಿಡಿಯಲು ಮುಳ್ಳು ತಿರುಗಿಸಿದಾಗ ಒಂದರೊಳಗೊಂದು ಸರಿಯುವ ತಗಡಿನ ಎಲೆಗಳ ಜೋಡಣೆ ಅದು. ಅದೇ ಪೆಟ್ಟಿಗೆಯಲ್ಲಿರುವ ಸ್ಪೀಕರು ಆ ಎಲೆಗಳನ್ನು ನಡುಗಿಸಿದರೆ ರೇಡಿಯೋ ಹಿಡಿದ ಅಲೆಯೇ ಅತ್ತಿತ್ತ ಓಲಾಡುತ್ತದೆ, ಓಲಾಟ ಸದ್ದಾಗಿ ಸ್ಪೀಕರಿಗೆ ಬರುತ್ತದೆ, ಸ್ಪೀಕರು ಎಲೆಗಳನ್ನು ಮತ್ತೆ ನಡುಗಿಸುತ್ತದೆ. ಹೀಗೆ ಸುತ್ತು ಕೂಡಿಕೊಂಡರೆ ಕೂಗು ನಿಲ್ಲುವುದಿಲ್ಲ. ರೇಡಿಯೋ ಮಾಡಿದವರಿಗೆ ಇದು ಗೊತ್ತಿದ್ದರಿಂದಲೇ ಗ್ಯಾಂಗನ್ನು ರಬ್ಬರಿನ ಬುಷ್ ಮೇಲೆ ಕೂರಿಸುತ್ತಿದ್ದರು. ಆ ರಬ್ಬರು ಅರವತ್ತು ವರ್ಷದಲ್ಲಿ ಕಲ್ಲಾಗಿರುತ್ತದೆ. ಹಳೆಯ ಮರ್ಫಿ, ಬುಷ್, ಫಿಲಿಪ್ಸ್ ಯಾವುದೇ ಬಂದರೂ ನಾನು ವಾಲ್ವಿಗೆ ಕೈಹಚ್ಚುವ ಮೊದಲು ಗ್ಯಾಂಗನ್ನು ಬೆರಳಿನಿಂದ ಅಲುಗಿಸಿ ನೋಡುತ್ತೇನೆ. ತೇಲಿದಂತೆ ಅಲುಗಬೇಕು. ಗಟ್ಟಿಯಾಗಿ ನಿಂತಿದ್ದರೆ ಬುಷ್ ಬದಲಿಸುತ್ತೇನೆ. ಎಷ್ಟೋ ರೇಡಿಯೋಗಳ ಕೂಗು ಅಲ್ಲಿಗೇ ಮುಗಿಯುತ್ತದೆ.

ನಡುಕ ಹೊರಗಿನಿಂದಲೇ ಬರಬೇಕೆಂದೂ ಇಲ್ಲ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳು ಅದಕ್ಕೆ ಸರಿಯಾಗಿ, ಒಂದು ಸುತ್ತಿಗೆ ಎರಡು ಸಲದಂತೆ, ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುತ್ತವೆ. ವಾಲ್ವ್ ಆಂಪ್ಲಿಫೈಯರಿನಲ್ಲಿ ಈ ಭಾರದ ಟ್ರಾನ್ಸ್‌ಫಾರ್ಮರು, ಅತಿ ಸೂಕ್ಷ್ಮವಾದ ಮೊದಲ ವಾಲ್ವು ಎರಡೂ ಒಂದೇ ತಗಡಿನ ಮೇಲೆ ಕೂತಿರುತ್ತವೆ. ಪಟ್ಟಿಗಳ ಬೋಲ್ಟು ಸಡಿಲವಾದರೆ ತಗಡೆಲ್ಲ ‘ಗುಂಯ್’ ಎನ್ನುತ್ತದೆ, ಮೊದಲ ವಾಲ್ವು ಆ ಗುಂಯ್ಯನ್ನು ಕೇಳಿಸಿಕೊಂಡು ಸ್ಪೀಕರಿಗೆ ಕಳಿಸುತ್ತದೆ. ಫಿಲ್ಟರ್ ಕಂಡೆನ್ಸರು ಸೋತಾಗಲೂ ಇದೇ 100ರ ಗುಂಯ್ ಬರುವುದರಿಂದ ರಿಪೇರಿಯವರು ಕಂಡೆನ್ಸರು ಬದಲಿಸಿ ಬದಲಿಸಿ ದಣಿಯುತ್ತಾರೆ. ಪವರ್ ತೆಗೆದು ಬೋಲ್ಟು ಬಿಗಿದು ನೋಡಲು ಖರ್ಚಿಲ್ಲ.

ಮೊದಲ ವಾಲ್ವು ಎಂದು ಮತ್ತೆ ಮತ್ತೆ ಹೇಳುತ್ತಿದ್ದೇನೆ. ಇಡೀ ವಿದ್ಯೆಯ ಕೀಲಿ ಅಲ್ಲಿದೆ. ಹಾಡಿನ ಆಂಪ್ಲಿಫೈಯರುಗಳಲ್ಲಿ ಬಹಳ ಬಳಕೆಯ ಇಸಿಸಿ83 ಎಂಬ ವಾಲ್ವಿನ ವರ್ಧನಾಂಕ 100. ಸರ್ಕ್ಯೂಟಿನಲ್ಲಿ ಕೂರಿಸಿದಾಗ ಒಂದೊಂದು ಹಂತದಲ್ಲಿ ಸುಮಾರು 50–60 ಪಟ್ಟು ಸಿಗುತ್ತದೆ. ರೆಕಾರ್ಡಿನ ಸೂಜಿ ಹೊತ್ತ ಕಾರ್ಟ್ರಿಜ್ಜಿನಿಂದ ಬರುವುದು ಐದು ಮಿಲಿವೋಲ್ಟಿನ ಆಸುಪಾಸು. ಅಷ್ಟು ಸಣ್ಣ ಹಾಡಿನ ಪಕ್ಕದಲ್ಲಿ ಗ್ರಿಡ್ಡಿನ ನಡುಕವೂ ದೊಡ್ಡದೇ, ಮುಂದಿನ ಎಲ್ಲ ಹಂತಗಳೂ ಎರಡನ್ನೂ ಸೇರಿಸಿಯೇ ಬೆಳೆಸುತ್ತವೆ. ಅದೇ ಕೊನೆಯ ಇಎಲ್84 ನಡುಗಿದರೆ ಅದರ ಮುಂದೆ ಬೆಳೆಸುವವರು ಯಾರೂ ಇಲ್ಲ, ನಮ್ಮ ಕಿವಿಗೆ ಏನೂ ತಿಳಿಯುವುದಿಲ್ಲ. ಇಎಫ್86 ಎಂಬ ವಾಲ್ವನ್ನು ಈ ಮೊದಲ ಜಾಗಕ್ಕೆಂದೇ ಗದ್ದಲ, ನಡುಕ ಎರಡೂ ಕಡಿಮೆ ಇರುವಂತೆ ಮಾಡಿದ್ದರು. ಮುಲ್ಲಾರ್ಡ್ ಕಂಪನಿಯ ಹೆಸರಾಂತ 5-10 ಸರ್ಕ್ಯೂಟಿನ ಬಾಗಿಲಲ್ಲಿ ನಿಂತಿರುವುದು ಅದೇ. ಗಟ್ಟಿತನದ ಕಡೆಯ ಎಲ್ಲೆ ನೋಡಬೇಕೆಂದರೆ ಎರಡನೆಯ ಮಹಾಯುದ್ಧಕ್ಕೆ ಹೋಗಬೇಕು. ಆಗ ಫಿರಂಗಿ ಗುಂಡಿನೊಳಗೇ ಪುಟ್ಟ ವಾಲ್ವುಗಳ ರೇಡಿಯೋ ಇಟ್ಟು ಹಾರಿಸುತ್ತಿದ್ದರು. ಗುರುತ್ವದ ಸುಮಾರು 20,000 ಪಟ್ಟು ಎಳೆತವನ್ನು ಆ ಗಾಜು ತಾಳಿಕೊಳ್ಳುತ್ತಿತ್ತು.

ನಮ್ಮ ವಾಲ್ವುಗಳು ಬಂದದ್ದು ಬೆಂಗಳೂರಿನಿಂದ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದ್ದು 1954ರಲ್ಲಿ, ರೇಡಿಯೋ ವಾಲ್ವು ಮಾಡತೊಡಗಿದ್ದು 1961ರಲ್ಲಿ. ಗಾಜಿನ ಮೇಲೆ ಬಿಇಎಲ್ ಎಂಬ ಅಚ್ಚು ಕಂಡರೆ ಕಾಕಾನ ಮುಖ ಅರಳುತ್ತಿತ್ತು. ಒಂದೇ ನಂಬರಿನ ಹತ್ತು ವಾಲ್ವು ಕೈಗೆ ಸಿಕ್ಕರೆ ಅವರು ಅವನ್ನು ಒಂದೊಂದಾಗಿ ಮೊದಲ ಸಾಕೆಟ್ಟಿಗೆ ಹಾಕಿ, ದನಿ ಏರಿಸಿ, ಪೆನ್ಸಿಲ್ಲಿನ ರಬ್ಬರು ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ‘ಟೊಕ್’ ಎಂದು ಸತ್ತ ಸದ್ದು ಬಂದದ್ದನ್ನು ತೆಗೆದು ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದರು, ಅದು ಮೈಕು ಹಚ್ಚುವ ಜಾಗಕ್ಕೆ. ಟಿಂಗ್ ಅಂದದ್ದು ಮುಂದಿನ ಹಂತಕ್ಕೆ. ಬಿಸಾಡುವ ಮಾತೇ ಇಲ್ಲ. ಗವಿಸಿದ್ಧೇಶ್ವರ ಜಾತ್ರೆಗೋ ಹಳ್ಳಿಯ ಬಯಲಾಟಕ್ಕೋ ಸೆಟ್ಟು ಒಯ್ಯುವಾಗ ವಾಲ್ವುಗಳನ್ನು ಕಿತ್ತು, ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಟ್ರ್ಯಾಕ್ಟರು ಹತ್ತುತ್ತಿದ್ದರು. ಆಟ ಮುಗಿದು ಜನ ಅವಸರ ಮಾಡಿದರೂ ಗಾಜು ತಣ್ಣಗಾಗುವವರೆಗೆ ಸೆಟ್ಟು ಎತ್ತಗೊಡುತ್ತಿರಲಿಲ್ಲ. ಕಾದ ಲೋಹ ಮೆತ್ತಗಿರುತ್ತದೆ, ಆಗ ಕುಲುಕಿದರೆ ಒಳಗಿನ ಅಂತರ ಕೆಡುತ್ತದೆ ಎಂಬುದು ಅವರಿಗೆ ಕೈಯಿಂದ ಗೊತ್ತಿತ್ತು.

ಈಗ ನೇಕಾರ ಗೆಳೆಯರೊಬ್ಬರ ಮನೆಯ ವಿಷಯ ಹೇಳಬೇಕು. ಮುಂದಿನ ಪಡಸಾಲೆಯಲ್ಲಿ ಅವರ ತಂದೆಯ ಕಾಲದ ವಾಲ್ವ್ ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರು, ಎಲ್‌ಪಿಗಳು. ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮು. ನಡುವೆ ಒಂದೇ ಗೋಡೆ. ನನ್ನನ್ನು ಕರೆಸಿಕೊಂಡು, “ಇದು ಹಾಡಾಕತ್ತೈತೋ ಅಳಾಕತ್ತೈತೋ ತಿಳಿವಲ್ದು, ನೀವ ಒಂದೀಟು ನೋಡ್ರಿ” ಅಂದರು. ರೆಕಾರ್ಡು ಹಚ್ಚಿದಾಗ ತಂಬೂರಿಯ ಕೆಳಗೆ ಇನ್ನೊಂದು ಗುಡುಗು. ಸ್ಪೀಕರಿನ ಕಾಗದದ ಕೋನು ಹಾಡಿಲ್ಲದ ಹೊತ್ತಿನಲ್ಲೂ ಒಳಹೊರಗೆ ತೂಗುತ್ತಿತ್ತು.

ರೆಕಾರ್ಡಿನ ಗೀರಿನಲ್ಲಿ ಸೂಜಿ ಅಲುಗುವ ಅಳತೆ ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಮೆಲ್ಲನೆಯ ಸ್ವರಗಳಿಗೆ ಆ ಅಲುಗಾಟ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನೆಲ ಅದಕ್ಕಿಂತ ಹೆಚ್ಚು ನಡುಗಿದರೆ ಸೂಜಿಗೆ ಅದೂ ಹಾಡೇ. ಇದರ ಮೇಲೆ ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಪ್ರೀಆಂಪ್ಲಿಫೈಯರು ಮತ್ತೆ ಎತ್ತುತ್ತದೆ, ಸೆಕೆಂಡಿಗೆ 20ರ ಕಂಪನವನ್ನು 1000ದ ಕಂಪನಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚಾಗಿ. ನೆಲದ ನಡುಕ ಇರುವುದು ಅಲ್ಲೇ, ಆ ಕೆಳಗಿನ ಪಟ್ಟಿಯಲ್ಲಿ. ಸಾಲದ್ದಕ್ಕೆ ಟೋನ್‌ಆರ್ಮಿಗೂ ಕಾರ್ಟ್ರಿಜ್ಜಿಗೂ ಸೇರಿ 8ರಿಂದ 12ರ ನಡುವೆ ಸ್ವಂತದ್ದೊಂದು ತೂಗಾಟ ಇರುತ್ತದೆ, ಹೊರಗಿನ ನಡುಕ ಅಲ್ಲಿಗೆ ಸೇರಿದರೆ ಜೋಕಾಲಿಗೆ ನೂಕು ಸಿಕ್ಕ ಹಾಗೆ.

ಅವರು ಪ್ಲೇಯರನ್ನು ದಪ್ಪನೆಯ ಕಡಪಾ ಕಲ್ಲಿನ ಮೇಲೆ ಇಟ್ಟಿದ್ದರು. ಭಾರ ಇದ್ದರೆ ನಡುಗುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಕಲ್ಲು ನೇರವಾಗಿ ನೆಲಕ್ಕೆ ಕೂತರೆ ಅದೂ ನೆಲದ ಭಾಗವೇ. ನೆಲ ನಡುಗಿದಷ್ಟು ನಡುಗುತ್ತದೆ. ಭಾರದ ಕೆಳಗೆ ಮೆತ್ತನೆಯದೊಂದು ಇರಬೇಕು. ಎಷ್ಟು ಮೆತ್ತಗೆ ಎಂಬುದಕ್ಕೆ ಲೆಕ್ಕವಿದೆ. ಮೇಲಿನ ಭಾರಕ್ಕೆ ಸ್ಪ್ರಿಂಗು 1 ಮಿಲಿಮೀಟರು ಕುಸಿದರೆ ಆ ಜೋಡಿಯ ಸಹಜ ತೂಗಾಟ ಸೆಕೆಂಡಿಗೆ ಸುಮಾರು 16. ಎರಡೂವರೆ ಮಿಲಿಮೀಟರು ಕುಸಿದರೆ 10. ಹತ್ತು ಮಿಲಿಮೀಟರು ಕುಸಿದರೆ 5. ರಬ್ಬರು ಈ ಲೆಕ್ಕಕ್ಕಿಂತ ಕೊಂಚ ಬಿಗಿಯಾಗಿ ನಡೆದುಕೊಳ್ಳುತ್ತದೆ. ಸಹಜ ತೂಗಾಟದ 1.4 ಪಟ್ಟಿಗಿಂತ ಮೇಲಿನ ನಡುಕವನ್ನು ಮಾತ್ರ ಈ ಜೋಡಿ ತಡೆಯುತ್ತದೆ. ಅದರ ಸಮೀಪದ್ದನ್ನು ತಡೆಯುವುದಿರಲಿ, ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಸಿಗುವ ಗಟ್ಟಿ ರಬ್ಬರಿನ ಕಾಲು ಇಟ್ಟು ಗುಡುಗು ಜಾಸ್ತಿಯಾಯಿತು ಎನ್ನುವವರ ಮನೆಯಲ್ಲಿ ಆಗಿರುವುದು ಇದೇ.

ಕಡಪಾ ಕಲ್ಲನ್ನು ಹಾಗೇ ಉಳಿಸಿಕೊಂಡು ಅದರ ಕೆಳಗೆ ಅರೆ ಗಾಳಿ ತುಂಬಿದ ಸೈಕಲ್ ಟ್ಯೂಬು ಹಾಸಿದೆವು. ಕಲ್ಲನ್ನು ಬೆರಳಿನಿಂದ ನೂಕಿದರೆ ನಿಧಾನಕ್ಕೆ ತೂಗಿ ನಿಲ್ಲುವಷ್ಟು ಗಾಳಿ. ಪ್ಲೇಯರನ್ನು ಶೆಡ್ಡಿನ ಗೋಡೆಯಿಂದ ಎದುರು ಮೂಲೆಗೆ ಸರಿಸಿದೆವು. ಆಂಪ್ಲಿಫೈಯರಿನ ಮೊದಲ ಇಸಿಸಿ83 ತೆಗೆದು ಕೆಂಪು ಚುಕ್ಕೆಯದನ್ನು ಹಾಕಿ, ಕುತ್ತಿಗೆಗೆ ಸಿಲಿಕೋನ್ ಉಂಗುರ ತೊಡಿಸಿದೆ. ಮಾಮೂಲಿ ರಬ್ಬರು ಗಾಜಿನ ಬಿಸಿಗೆ ಕರಗಿ ಅಂಟಾಗುತ್ತದೆ. ಸ್ಪೀಕರುಗಳನ್ನು ಆಂಪ್ಲಿಫೈಯರು ಇಟ್ಟ ಬೆಂಚಿನಿಂದ ಇಳಿಸಿದ್ದು ಕೊನೆಗೆ. ಬಹುಶಃ ಅರ್ಧ ಗುಣ ಅದರಿಂದಲೇ ಬಂತು.

ಖರ್ಚಿನ ವಿಷಯದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕೆನಿಸುತ್ತದೆ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರಿನ ಕೆಳಗೆ ಸಾವಿರಾರು ರೂಪಾಯಿಯ ಹಿತ್ತಾಳೆ ಮೊಳೆ, ಕಾಲು ಇಡುವುದು ಬೇಡ. ಸಿಲಿಕಾನಿನ ಚೂರಿನಲ್ಲಿ ಅಲುಗುವ ಗ್ರಿಡ್ಡಿಲ್ಲ. ಕೆಲವು ಜಾತಿಯ ಸೆರಾಮಿಕ್ ಕಂಡೆನ್ಸರುಗಳು ತಟ್ಟಿದಾಗ ತುಸು ವೋಲ್ಟೇಜು ಹುಟ್ಟಿಸುತ್ತವೆ ನಿಜ, ಆದರೆ ಮನೆಯ ಹಾಡಿಗೆ ಅದು ಲೆಕ್ಕಕ್ಕೆ ಬರುವುದು ಅಪರೂಪ. ಸಿಡಿ ಪ್ಲೇಯರು ಜೋರಾಗಿ ಕುಲುಕಿದರೆ ಎಗರುತ್ತದೆ, ಅಷ್ಟೇ. ಮೊಳೆಯಂಥ ಚೂಪು ಕಾಲು ನಡುಕವನ್ನು ತಡೆಯುವುದೂ ಇಲ್ಲ, ಎರಡನ್ನು ಬಿಗಿಯಾಗಿ ಜೋಡಿಸುತ್ತದೆ. ಆ ದುಡ್ಡಿಗೆ ಒಳ್ಳೆಯ ರೆಕಾರ್ಡು ಕೊಳ್ಳಬಹುದು.

ಗೂಡ್ಸು ಗಾಡಿ ಹೋಗುವಾಗಿನ ಗುಡುಗು ಗೆಳೆಯರ ಮನೆಯಲ್ಲಿ ಈಗ ಕೇಳುವುದಿಲ್ಲ. ಮಗ್ಗದ ಹೊಡೆತ ಮಾತ್ರ ಇನ್ನೂ ಸಣ್ಣಗೆ ಬರುತ್ತದೆ. ಆವತ್ತು ಅವರು ಚಹಾ ಕೊಡುತ್ತ ಕೇಳಿದರು: “ಕಲ್ಲಿಗೆ ಹಾಕಿದಂಗ ಮಗ್ಗದ ಕಾಲಿಗೇ ರಬ್ಬರ ಹಾಕಿದ್ರ ಹೆಂಗ್ರಿ?”

ಕೇಳಿದ್ದು ಸರಿಯಾದ ಪ್ರಶ್ನೆ. ಅಲ್ಲೇ ಕಾಗದ ಹಿಡಿದು ಕೂತೆವು. ಅವರ ಮಗ್ಗ ನಿಮಿಷಕ್ಕೆ 120 ಹೊಡೆತದ ಲೆಕ್ಕದಲ್ಲಿ ಓಡುತ್ತದೆ, ಸೆಕೆಂಡಿಗೆ 2. ಆ 2ನ್ನೇ ತಡೆಯಬೇಕೆಂದರೆ ಸಹಜ ತೂಗಾಟ 1.4ಕ್ಕಿಂತ ಕೆಳಗಿಳಿಯಬೇಕು, ಅದಕ್ಕೆ ಮಗ್ಗ ತನ್ನ ಭಾರಕ್ಕೆ ಅರ್ಧ ಗೇಣಿಗಿಂತ ಹೆಚ್ಚು ಕುಸಿಯಬೇಕು. ಹಾಗೆ ತೂಗಾಡುವ ಮಗ್ಗದಲ್ಲಿ ಲಾಳಿ ಗುರಿ ಮುಟ್ಟುವುದಿಲ್ಲ, ಸೀರೆಯೂ ಆಗುವುದಿಲ್ಲ. ಆದರೆ ಹಾಡನ್ನು ಕೆಡಿಸುತ್ತಿರುವುದು ಆ ನಿಧಾನದ 2 ಅಲ್ಲ. ಲಾಳಿಗೆ ಏಟು ಬಿದ್ದಾಗ, ಅದು ಆಚೆಯ ಪೆಟ್ಟಿಗೆಗೆ ಬಡಿದಾಗ ಹುಟ್ಟುವ ಚುರುಕು ಪೆಟ್ಟುಗಳು. ಅವು 20, 30, 50ರ ಮೇಲಿನವು. ಅಷ್ಟನ್ನು ತಗ್ಗಿಸಲು ಎರಡೂವರೆ, ಮೂರು ಮಿಲಿಮೀಟರು ಕುಸಿಯುವ ದಪ್ಪ ರಬ್ಬರಿನ ತುಂಡು ಸಾಕು, ಮಗ್ಗವೂ ನೆಟ್ಟಗೆ ನಿಲ್ಲುತ್ತದೆ. ಪಕ್ಕದ ಮನೆಯ ಗೋಡೆಗೂ ಅಷ್ಟು ಆರಾಮ.

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಆ ದಿನ ಜ್ಯಾಕು ಕೊಟ್ಟು ಒಂದೊಂದೇ ಕಾಲು ಎತ್ತೋಣ ಎಂದು ಮಾತಾಗಿದೆ. ನಾಲ್ಕೂ ಕಾಲಿಗೆ ಭಾರ ಒಂದೇ ಸಮ ಬೀಳುವುದಿಲ್ಲ, ಮೋಟಾರಿರುವ ಕಡೆ ಹೆಚ್ಚು. ಅಲ್ಲಿ ತುಂಡು ಅಗಲವಾಗಿರಬೇಕು. ಎಷ್ಟು ಅಗಲ ಎಂಬುದನ್ನು ಹೇಳಲು ಮೊದಲು ಆ ಮೂಲೆಯ ಭಾರ ತಿಳಿಯಬೇಕು. ಅದಕ್ಕೆ ಹತ್ತಿ ಅಡತಿಯಿಂದ ತಕ್ಕಡಿ ತರಿಸುವ ಏರ್ಪಾಡು ಅವರದು.